ಹುಡುಕಾಟವೂ ಒಂದು ಅಮಾನತ್ತು

(ಈ ಸಾಲಿನ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ, ಆರೋಗ್ಯ ವಿಜ್ಞಾನ ವಿಭಾಗದ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಟ್ರಸ್ಟಿನ ಶಿಕ್ಷಣ ಸಮಿತಿಯ ಪರವಾಗಿ ಮಾಡಿದ ಭಾಷಣದ ಪಠ್ಯ)





ಇಂದು ವಿದ್ಯಾರ್ಥಿವೇತನ ಪಡೆಯುತ್ತಿರುವ ನಿಮ್ಮಲ್ಲಿ ವೈದ್ಯಕೀಯ, ದಂತವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಸಾರ್ವಜನಿಕ ಆರೋಗ್ಯ ಹೀಗೆ ಬೇರೆ ಬೇರೆ ವಿಷಯಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿದ್ದೀರಿ. ಕೋರ್ಸು ಮುಗಿಯುವ ಮೊದಲು ನೀವೆಲ್ಲರೂ ಒಂದು ಡಿಸರ್ಟೇಶನ್ ಬರೆಯಬೇಕು. ಅದರಲ್ಲಿ ‘ರಿವ್ಯೂ ಆಫ್ ಲಿಟರೇಚರ್’ ಎಂಬ ಅಧ್ಯಾಯ ಇರುತ್ತದೆ. ಆ ಅಧ್ಯಾಯ ಸಾಮಾನ್ಯವಾಗಿ ಹೇಗೆ ತಯಾರಾಗುತ್ತದೆ ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು. ಸೀನಿಯರ್ ಒಬ್ಬರ ಹಳೆಯ ಪ್ರತಿ ಸಿಗುತ್ತದೆ. ಅದರ ಇಪ್ಪತ್ತು ಉಲ್ಲೇಖಗಳ ಜೊತೆ ಗೂಗಲ್‌ನ ಮೊದಲ ಪುಟದ ನಾಲ್ಕೈದು ಸೇರುತ್ತವೆ. ಅಧ್ಯಾಯ ಮುಗಿಯಿತು ಎನ್ನುತ್ತೇವೆ.

ಈ ಅಧ್ಯಾಯ ಪುಟ ತುಂಬಿಸುವ ಕೆಲಸವಲ್ಲ, ಅದರ ಹಿಂದೆ ರೋಗಿಯ ಜೀವ ಇರುತ್ತದೆ ಎಂಬ ಒಂದೇ ಮಾತನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇವೆ.

2001ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆಸ್ತಮಾ ಕುರಿತು ಒಂದು ಅಧ್ಯಯನ ನಡೆಯುತ್ತಿತ್ತು. ಆರೋಗ್ಯವಂತ ಸ್ವಯಂಸೇವಕರಿಗೆ ಹೆಕ್ಸಾಮೆಥೋನಿಯಮ್ ಎಂಬ ಔಷಧವನ್ನು ಉಸಿರಿನ ಮೂಲಕ ಕೊಡಲಾಗುತ್ತಿತ್ತು. ಹಿಂದೆ ರಕ್ತದೊತ್ತಡಕ್ಕೆ ಬಳಸಿ ಆಮೇಲೆ ಕೈಬಿಟ್ಟ ಔಷಧ ಅದು. ಇಪ್ಪತ್ತನಾಲ್ಕು ವರ್ಷದ ಒಬ್ಬ ಸ್ವಯಂಸೇವಕಿಯ ಶ್ವಾಸಕೋಶ ಕೆಟ್ಟಿತು. ಜೂನ್ 2ರಂದು ಆಕೆ ತೀರಿಕೊಂಡಳು. ಸಂಶೋಧಕರು ಮುಂಚೆಯೇ ಪಬ್‌ಮೆಡ್‌ನಲ್ಲಿ ಹುಡುಕಿದ್ದರು. ಆದರೆ ಆಗ ಅದರಲ್ಲಿ 1966ರಿಂದೀಚಿನ ಲೇಖನಗಳಷ್ಟೇ ಸಿಗುತ್ತಿದ್ದವು. ಆ ಔಷಧದಿಂದ ಶ್ವಾಸಕೋಶಕ್ಕೆ ಹಾನಿಯಾಗುತ್ತದೆ ಎಂಬ ವರದಿಗಳು 1950ರ ದಶಕದಲ್ಲೇ ಅಚ್ಚಾಗಿದ್ದವು. ಅವು ಗ್ರಂಥಾಲಯಗಳ ಕಪಾಟಿನಲ್ಲಿದ್ದವು, ಕಂಪ್ಯೂಟರ್ ಪರದೆಯ ಮೇಲೆ ಬರಲಿಲ್ಲ. ಆ ವರ್ಷದ ಜುಲೈನಲ್ಲಿ ಆ ವಿಶ್ವವಿದ್ಯಾಲಯದಲ್ಲಿ ಮನುಷ್ಯರ ಮೇಲೆ ಸರಕಾರಿ ಅನುದಾನದಿಂದ ನಡೆಯುತ್ತಿದ್ದ ಬಹುತೇಕ ಸಂಶೋಧನೆಗಳನ್ನು ಅಮೆರಿಕ ಸರಕಾರ ಕೆಲಕಾಲ ತಡೆಹಿಡಿಯಿತು.

ಇನ್ನೊಂದು ಉದಾಹರಣೆ ನೋಡಿ. ಹಸುಗೂಸನ್ನು ಬೋರಲು ಮಲಗಿಸಬೇಕೆಂದು ಪಾಶ್ಚಾತ್ಯ ದೇಶಗಳಲ್ಲಿ ದಶಕಗಳ ಕಾಲ ಸಲಹೆ ಕೊಡಲಾಗುತ್ತಿತ್ತು. ಹಾಗೆ ಮಲಗಿದ ಮಕ್ಕಳು ನಿದ್ದೆಯಲ್ಲೇ ಹಠಾತ್ತಾಗಿ ಸಾಯುವ ಅಪಾಯ ಹೆಚ್ಚು ಎಂಬುದಕ್ಕೆ 1970ರ ಹೊತ್ತಿಗೇ ಪುರಾವೆ ಪ್ರಕಟವಾಗಿತ್ತು. ಆದರೆ ಬಿಡಿಬಿಡಿಯಾಗಿದ್ದ ಅಧ್ಯಯನಗಳನ್ನು ಯಾರೂ ಒಂದೆಡೆ ತಂದು ಓದಿರಲಿಲ್ಲ. ಮಗುವನ್ನು ಅಂಗಾತ ಮಲಗಿಸಿ ಎಂಬ ಪ್ರಚಾರ ಬ್ರಿಟನ್ನಿನಲ್ಲಿ ಆರಂಭವಾದದ್ದು 1991ರಲ್ಲಿ. ಪುರಾವೆಯನ್ನು 1970ರಲ್ಲೇ ಒಟ್ಟುಗೂಡಿಸಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯುರೋಪ್, ಅಮೆರಿಕ, ಆಸ್ಟ್ರೇಲಿಯಾ ಪ್ರದೇಶಗಳಲ್ಲಿ ಕನಿಷ್ಠ 50,000 ಶಿಶುಮರಣಗಳನ್ನು ತಪ್ಪಿಸಬಹುದಿತ್ತು ಎಂದು 2005ರಲ್ಲಿ ಪ್ರಕಟವಾದ ಸಿಸ್ಟಮ್ಯಾಟಿಕ್ ರಿವ್ಯೂ ಲೆಕ್ಕ ಹಾಕಿತು.

ಮೊದಲನೆಯದರಲ್ಲಿ ಹುಡುಕಾಟ ಅರ್ಧಕ್ಕೆ ನಿಂತಿತು. ಎರಡನೆಯದರಲ್ಲಿ ಹುಡುಕಾಟವೇ ನಡೆಯಲಿಲ್ಲ. ಎರಡರಲ್ಲೂ ಬೇಕಾದ ಜ್ಞಾನ ಮೊದಲೇ ಅಚ್ಚಾಗಿ ಕುಳಿತಿತ್ತು.

ಹಾಗಾದರೆ ಹುಡುಕುವುದು ಹೇಗೆ? ನಮ್ಮ ಕರಾವಳಿ, ಮಲೆನಾಡಿನವರಿಗೆ ಹತ್ತಿರದ ವಿಷಯವನ್ನೇ ತೆಗೆದುಕೊಳ್ಳೋಣ. ಎಲೆ ಅಡಿಕೆ ಜಗಿಯುವವರಲ್ಲಿ ಬಾಯಿ ಕ್ಯಾನ್ಸರ್ ಕುರಿತು ಒಬ್ಬ ವಿದ್ಯಾರ್ಥಿನಿ ಅಧ್ಯಯನ ಮಾಡಬೇಕೆಂದಿದ್ದಾಳೆ ಎಂದುಕೊಳ್ಳಿ.

ಮೊದಲನೆಯದು ಪ್ರಶ್ನೆ. ‘ಅಡಿಕೆ ಮತ್ತು ಕ್ಯಾನ್ಸರ್’ ಎಂಬುದು ವಿಷಯವಾಯಿತು, ಪ್ರಶ್ನೆಯಾಗಲಿಲ್ಲ. ಯಾರಲ್ಲಿ, ಯಾವುದರಿಂದ, ಯಾರಿಗೆ ಹೋಲಿಸಿದರೆ, ಏನಾಗುತ್ತದೆ ಎಂಬ ನಾಲ್ಕು ಭಾಗಗಳು ಅದರಲ್ಲಿರಬೇಕು. ವಯಸ್ಕರಲ್ಲಿ, ತಂಬಾಕಿಲ್ಲದೆ ಬರೀ ಎಲೆ ಅಡಿಕೆ ಜಗಿಯುವುದರಿಂದ, ಏನೂ ಜಗಿಯದವರಿಗೆ ಹೋಲಿಸಿದರೆ, ಬಾಯಿ ಕ್ಯಾನ್ಸರಿನ ಅಪಾಯ ಎಷ್ಟು ಹೆಚ್ಚು? ಇದು ಪ್ರಶ್ನೆ. ಇದನ್ನು ಹಾಳೆಯ ಮೇಲೆ ಬರೆಯದೆ ಕಂಪ್ಯೂಟರ್ ಮುಂದೆ ಕೂರಬೇಡಿ.

ಎರಡನೆಯದು ಪದಗಳು. ಒಂದೇ ವಸ್ತುವಿಗೆ ಲೇಖಕರು ಬಳಸುವ ಹೆಸರುಗಳು ಹಲವು. ಅಡಿಕೆಯನ್ನು ಒಬ್ಬರು ಅರೆಕಾ ನಟ್ ಎಂದರೆ ಇನ್ನೊಬ್ಬರು ಬೀಟಲ್ ನಟ್ ಎನ್ನುತ್ತಾರೆ. ತಾಂಬೂಲ ಬೀಟಲ್ ಕ್ವಿಡ್ ಆಗುತ್ತದೆ, ಪಾನ್ ಆಗುತ್ತದೆ. ಪಾನ್ ಎಂಬುದನ್ನು ಇಂಗ್ಲಿಷಿನಲ್ಲಿ ಒಂದು ‘ಎ’ ಹಾಕಿ ಬರೆಯುವವರಿದ್ದಾರೆ, ಎರಡು ‘ಎ’ ಹಾಕುವವರೂ ಇದ್ದಾರೆ. ಗುಟ್ಕಾ ಪದದಲ್ಲಿ ಕೆಲವರು ‘ಎಚ್’ ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ಬಾಯಿ ಕ್ಯಾನ್ಸರಿಗೆ ಓರಲ್ ಕ್ಯಾನ್ಸರ್, ಮೌತ್ ನಿಯೋಪ್ಲಾಸಮ್, ಓರಲ್ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಎಂಬ ಹೆಸರುಗಳಿವೆ. ಒಂದೇ ಪದ ಹಾಕಿ ಹುಡುಕಿದವರು ಉಳಿದ ಹೆಸರುಗಳಲ್ಲಿ ಬರೆದ ಅಧ್ಯಯನಗಳನ್ನು ಕಳೆದುಕೊಳ್ಳುತ್ತಾರೆ.

ಊರಿನ ಹೆಸರುಗಳಲ್ಲೂ ಇದೇ ತೊಂದರೆ. 2014ರ ನವೆಂಬರ್ 1ರಂದು ನಮ್ಮ ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಹೊಸ ಕಾಗುಣಿತದ ಮಂಗಳೂರು, ಕಲಬುರಗಿ, ಬೆಳಗಾವಿ ಎಂದಷ್ಟೇ ಹುಡುಕಿದರೆ ಮ್ಯಾಂಗಲೋರ್, ಗುಲ್ಬರ್ಗ, ಬೆಲ್ಗಾಮ್ ಎಂದು ಬರೆದ ಹಳೆಯ ಅಧ್ಯಯನಗಳು ಕಾಣಿಸದೇ ಹೋಗಬಹುದು.

ಮೂರನೆಯದು ಜೋಡಣೆ. ಪ್ರಶ್ನೆಯ ಒಂದೊಂದು ಭಾಗಕ್ಕೂ ಒಂದೊಂದು ಬುಟ್ಟಿ ಇಡಿ. ಅಡಿಕೆಯ ಎಲ್ಲ ಹೆಸರುಗಳು ಒಂದು ಬುಟ್ಟಿಗೆ, ನಡುವೆ ‘ಆರ್’ ಇರಲಿ. ಬಾಯಿ ಕ್ಯಾನ್ಸರಿನ ಎಲ್ಲ ಹೆಸರುಗಳು ಇನ್ನೊಂದು ಬುಟ್ಟಿಗೆ, ಅಲ್ಲೂ ‘ಆರ್’. ಎರಡು ಬುಟ್ಟಿಗಳ ನಡುವೆ ‘ಆಂಡ್’ ಹಾಕಿ. ‘ಆರ್’ ಬಲೆಯನ್ನು ಅಗಲ ಮಾಡುತ್ತದೆ, ‘ಆಂಡ್’ ಕಿರಿದು ಮಾಡುತ್ತದೆ. ಇದರ ಜೊತೆಗೆ ಪಬ್‌ಮೆಡ್‌ನಲ್ಲಿ ಮೆಶ್ ಎಂಬ ವಿಷಯಪದಗಳ ಪಟ್ಟಿಯಿದೆ. 1960ರಿಂದ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಬೆಳೆಸಿಕೊಂಡು ಬಂದದ್ದು ಅದು. ಲೇಖಕರು ಯಾವ ಹೆಸರನ್ನೇ ಬಳಸಿರಲಿ, ಲೇಖನಕ್ಕೆ ಅಲ್ಲಿ ಒಂದೇ ವಿಷಯಪದ ಅಂಟಿಸುತ್ತಾರೆ. ಆದರೆ ಪಬ್‌ಮೆಡ್‌ನ ಎಲ್ಲ ಲೇಖನಗಳಿಗೂ ಮೆಶ್ ಪದ ಇರುವುದಿಲ್ಲ. ಆದ್ದರಿಂದ ಮೆಶ್ ಪದವನ್ನೂ ಸಾಮಾನ್ಯ ಪದಗಳನ್ನೂ ಒಂದೇ ಬುಟ್ಟಿಯಲ್ಲಿ ಹಾಕಿ.

ನಾಲ್ಕನೆಯದು ಸ್ಥಳ. ಪಬ್‌ಮೆಡ್ ದೊಡ್ಡದು, ಉಚಿತ, ಆದರೆ ಅದೊಂದೇ ಸಾಲದು. ಭಾರತದ ಎಷ್ಟೋ ನಿಯತಕಾಲಿಕೆಗಳು ಅದರಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆಗ್ನೇಯ ಏಷ್ಯಾ ಪ್ರದೇಶಕ್ಕಾಗಿ ರೂಪಿಸಿದ ಇಮ್ಸಿಯರ್ ಎಂಬ ಸೂಚಿಯನ್ನು ನೋಡಿ. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಇದೆ. ಚಿಕಿತ್ಸೆಯ ಪ್ರಯೋಗಗಳಿದ್ದರೆ 2007ರಲ್ಲಿ ಆರಂಭವಾದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾದಲ್ಲಿ ಹುಡುಕಿ. ಮುಗಿದೂ ಪ್ರಕಟವಾಗದ ಪ್ರಯೋಗಗಳ ಸುಳಿವು ಅಲ್ಲಿ ಸಿಗುತ್ತದೆ. ನಿಮ್ಮ ಪ್ರಶ್ನೆಗೆ ಈಗಾಗಲೇ ಸಿಸ್ಟಮ್ಯಾಟಿಕ್ ರಿವ್ಯೂ ಇದೆಯೇ ಎಂದು ಕಾಕ್ರೇನ್ ಲೈಬ್ರರಿಯಲ್ಲಿ ಮೊದಲೇ ನೋಡಿಕೊಳ್ಳಿ. ಒಳ್ಳೆಯ ಲೇಖನವೊಂದು ಸಿಕ್ಕಿದರೆ ಅದರ ಉಲ್ಲೇಖಪಟ್ಟಿ ಓದಿ ಹಿಂದಕ್ಕೆ ಹೋಗಿ. ಅದನ್ನು ಆಮೇಲೆ ಯಾರು ಉಲ್ಲೇಖಿಸಿದ್ದಾರೆಂದು ಗೂಗಲ್ ಸ್ಕಾಲರ್‌ನಲ್ಲಿ ನೋಡಿ ಮುಂದಕ್ಕೂ ಹೋಗಿ.

ಐದನೆಯದು ಫಿಲ್ಟರ್ ಬಗ್ಗೆ ಎಚ್ಚರ. ‘ಕಳೆದ ಐದು ವರ್ಷ’, ‘ಉಚಿತ ಲೇಖನ ಮಾತ್ರ’ ಎಂಬ ಗುಂಡಿಗಳನ್ನು ಆರಂಭದಲ್ಲೇ ಒತ್ತಬೇಡಿ. ಜಾನ್ಸ್ ಹಾಪ್‌ಕಿನ್ಸ್ ಪ್ರಕರಣದಲ್ಲಿ ವರ್ಷದ ಗೆರೆಯಾಚೆಗೇ ಉತ್ತರವಿತ್ತು. ಈಗ ಪಬ್‌ಮೆಡ್‌ನಲ್ಲಿ 1946ರಿಂದ ಈಚಿನ ಸೂಚಿ ಸಿಗುತ್ತದೆ, ಬಳಸಿಕೊಳ್ಳಿ. ಹುಡುಕಾಟ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ನಿಮ್ಮ ವಿಷಯದಲ್ಲಿ ನಿಮಗೆ ಗೊತ್ತಿರುವ ಮೂರು ಮುಖ್ಯ ಲೇಖನಗಳನ್ನು ಮೊದಲೇ ಬರೆದಿಡಿ. ನಿಮ್ಮ ಹುಡುಕಾಟದಲ್ಲಿ ಅವು ಬರದಿದ್ದರೆ ಬುಟ್ಟಿಯಲ್ಲಿ ಯಾವುದೋ ಪದ ಬಿಟ್ಟುಹೋಗಿದೆ ಎಂದರ್ಥ.

ಪೂರ್ಣ ಲೇಖನ ಸಿಗದಿದ್ದರೆ ವಿದ್ಯಾರ್ಥಿವೇತನದ ಹಣದಿಂದ ಅದನ್ನು ಖರೀದಿಸಬೇಡಿ. ಮೊದಲು ಪಬ್‌ಮೆಡ್ ಸೆಂಟ್ರಲ್ ನೋಡಿ, ಅಲ್ಲಿ ಲೇಖನಗಳು ಉಚಿತ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳವರು ಹೆಲಿನೆಟ್ ಬಗ್ಗೆ ನಿಮ್ಮ ಗ್ರಂಥಪಾಲಕರನ್ನು ಕೇಳಿ. ಸರಕಾರಿ ಸಂಸ್ಥೆಗಳಲ್ಲಿ ಓದುವವರಿಗೆ 2025ರ ಜನವರಿಯಿಂದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯಿದೆ. ಅದೂ ಆಗದಿದ್ದರೆ ಲೇಖಕರಿಗೇ ಎರಡು ಸಾಲಿನ ಇಮೇಲ್ ಬರೆಯಿರಿ. ಹೆಚ್ಚಿನವರು ಸಂತೋಷದಿಂದ ಕಳುಹಿಸುತ್ತಾರೆ. ಸಾರಾಂಶ ಮಾತ್ರ ಓದಿ ಪೂರ್ತಿ ಓದಿದವರಂತೆ ಉಲ್ಲೇಖಿಸುವುದು ಬೇಡ.

ಸಿಕ್ಕಿದ್ದನ್ನೆಲ್ಲ ನಂಬುವುದೂ ಬೇಡ. ಎಂ.ಎಂ.ಆರ್. ಲಸಿಕೆಗೂ ಆಟಿಸಂಗೂ ನಂಟಿದೆ ಎಂಬ ಸಂಶಯ ಹುಟ್ಟಿಸಿದ ಲೇಖನ 1998ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಅದರಲ್ಲಿದ್ದದ್ದು ಹನ್ನೆರಡು ಮಕ್ಕಳ ವಿವರ. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಆದರೆ ಸಂಶಯ ಹಿಂದೆ ಹೋಗಲಿಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿ ಐದು ಕಡೆ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದಾಗ ವಾಟ್ಸ್‌ಆ್ಯಪ್‌ನಲ್ಲಿ ಲಸಿಕೆಯ ಬಗ್ಗೆ ಎಷ್ಟೊಂದು ವದಂತಿ ಹರಿದಾಡಿತು ಎಂಬುದು ಹಿರಿಯರಿಗೆ ನೆನಪಿರಬಹುದು. ಹಿಂತೆಗೆದ ಲೇಖನಗಳ ಮೇಲೆ ಪಬ್‌ಮೆಡ್ ‘ರಿಟ್ರ್ಯಾಕ್ಟೆಡ್’ ಎಂದು ಗುರುತು ಹಾಕುತ್ತದೆ. ಉಲ್ಲೇಖಿಸುವ ಮೊದಲು ಆ ಗುರುತು ಇದೆಯೇ ನೋಡಿ. ಈಗ ಚಾಟ್‌ಬಾಟ್‌ಗಳನ್ನು ಕೇಳುವ ರೂಢಿಯೂ ಬಂದಿದೆ. ಪದಗಳನ್ನು ಹೊಳೆಯಿಸಿಕೊಳ್ಳಲು ಕೇಳಿ, ಅಡ್ಡಿಯಿಲ್ಲ. ಆದರೆ ಇಲ್ಲದ ಲೇಖಕರ ಇಲ್ಲದ ಲೇಖನಗಳನ್ನು ಅವು ನಿಜದಂತೆಯೇ ಬರೆದುಕೊಡುತ್ತವೆ. ನಿಮ್ಮ ಕಣ್ಣಾರೆ ನೋಡದ ಲೇಖನ ನಿಮ್ಮ ಪಟ್ಟಿಯಲ್ಲಿ ಇರಬಾರದು.

ಕೊನೆಯದು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು, ದಾಖಲೆ. ಎಲ್ಲಿ ಹುಡುಕಿದಿರಿ, ಯಾವ ದಿನ, ಯಾವ ಪದಗಳಿಂದ, ಎಷ್ಟು ಸಿಕ್ಕಿತು, ಎಷ್ಟು ಉಳಿಸಿಕೊಂಡಿರಿ, ಉಳಿದವನ್ನು ಏಕೆ ಬಿಟ್ಟಿರಿ ಎಂಬುದನ್ನು ಬರೆದಿಡಿ. ಪಬ್‌ಮೆಡ್‌ನ ‘ಅಡ್ವಾನ್ಸ್‌ಡ್’ ಪುಟದಲ್ಲಿ ನಿಮ್ಮ ಹುಡುಕಾಟದ ಚರಿತ್ರೆ ತಾನಾಗಿ ದಾಖಲಾಗುತ್ತದೆ, ಅದನ್ನು ಇಳಿಸಿಕೊಳ್ಳಿ. ಉಲ್ಲೇಖಗಳನ್ನು ಕೂಡಿಡಲು ಝೋಟೆರೋ ಎಂಬ ಉಚಿತ ತಂತ್ರಾಂಶವಿದೆ.

ಇದು ಹೊಸ ಶಿಸ್ತೇನಲ್ಲ. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಎಂಬ ಕ್ರೈಸ್ತ ವೈದ್ಯ, ಅನುವಾದಕರಿದ್ದರು. ಗ್ರೀಕ್ ವೈದ್ಯ ಗ್ಯಾಲೆನ್‌ನ ಒಂದು ಗ್ರಂಥಕ್ಕಾಗಿ ಅವರು ಮೆಸೊಪೊಟೇಮಿಯಾ, ಸಿರಿಯಾ, ಫೆಲೆಸ್ತೀನ್, ಈಜಿಪ್ಟ್ ಸುತ್ತಿ ಅಲೆಕ್ಸಾಂಡ್ರಿಯಾದವರೆಗೂ ಹೋದರು. ಕೊನೆಗೆ ಸಿಕ್ಕಿದ್ದು ದಮಾಸ್ಕಸ್‌ನಲ್ಲಿ, ಅದೂ ಅರ್ಧದಷ್ಟು ಮಾತ್ರ. ಎಲ್ಲೆಲ್ಲಿ ಹುಡುಕಿದೆ, ಎಷ್ಟು ಸಿಕ್ಕಿತು, ಎಷ್ಟು ಸಿಗಲಿಲ್ಲ ಎಂದು ಅವರು ಬರೆದಿಟ್ಟರು. ಆಮೇಲೆ ಬಂದ ಅರ್-ರಾಝಿ ತಮ್ಮ ವೈದ್ಯಕೀಯ ಟಿಪ್ಪಣಿಗಳಲ್ಲಿ ಗ್ರೀಕ್, ಸಿರಿಯಾಕ್, ಭಾರತೀಯ ವೈದ್ಯರ ಮಾತುಗಳನ್ನು ಅವರವರ ಹೆಸರಿನಲ್ಲೇ ಬರೆದು, ತಮ್ಮ ಸ್ವಂತ ಅನುಭವಕ್ಕೆ ‘ನನ್ನದು’ ಎಂದು ಬೇರೆ ಗುರುತು ಹಾಕಿದರು. ಆ ಟಿಪ್ಪಣಿಗಳೇ ಅವರ ಮರಣಾನಂತರ ‘ಅಲ್-ಹಾವಿ’ ಎಂಬ ಮಹಾಗ್ರಂಥವಾದವು. ಯಾರ ಮಾತು ಯಾರದೆಂದು ಹೇಳುವುದು, ಸಿಗದ್ದನ್ನು ಸಿಗಲಿಲ್ಲ ಎನ್ನುವುದು, ಈ ಎರಡು ಗುಣ ನಿಮ್ಮ ಪ್ರಬಂಧದಲ್ಲೂ ಇರಲಿ.

ಆದ್ದರಿಂದ ಮುಂದಿನ ಸಾಲಿನಿಂದ ಡಿಸರ್ಟೇಶನ್ ನೆರವಿಗೆ ಅರ್ಜಿ ಹಾಕುವವರು ಸಿನಾಪ್ಸಿಸ್ ಜೊತೆಗೆ ಒಂದು ಪುಟದ ಹುಡುಕಾಟದ ದಾಖಲೆಯನ್ನೂ ಲಗತ್ತಿಸಬೇಕೆಂದು ಸಮಿತಿ ತೀರ್ಮಾನಿಸಿದೆ. ನಿಮ್ಮ ಪ್ರಶ್ನೆ, ಬಳಸಿದ ಪದಗಳು, ಹುಡುಕಿದ ಸ್ಥಳಗಳು, ದಿನಾಂಕ ಮತ್ತು ಸಿಕ್ಕ ಸಂಖ್ಯೆ, ಇಷ್ಟಿದ್ದರೆ ಸಾಕು. ಅಂಕ ಕಡಿಮೆ ಇರುವವರು ಅಂಜಬೇಕಾಗಿಲ್ಲ. ಈ ಪುಟಕ್ಕೆ ಬೇಕಾದದ್ದು ತಾಳ್ಮೆ ಮತ್ತು ಪ್ರಾಮಾಣಿಕತೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು, ಇಂಗ್ಲಿಷಿನಲ್ಲಿ ತಡವರಿಸುವವರು ನಮ್ಮ ಕಚೇರಿಗೆ ಬನ್ನಿ, ಜೊತೆಗೆ ಕುಳಿತು ಮಾಡೋಣ.

ದಾನಿಗಳಿಗೂ ಒಂದು ಮಾತು. ನೀವು ಕೊಟ್ಟ ಹಣ ಶುಲ್ಕಕ್ಕೆ, ಹಾಸ್ಟೆಲ್ಲಿಗೆ ಹೋಗುತ್ತದೆ. ಅದರ ಫಲ ಕಾಣುವುದು ಮಾತ್ರ ಬೇರೆಡೆ. ನಾಳೆ ಯಾವುದೋ ಮೊಹಲ್ಲಾದ ತಾಯಿ ಮಗುವನ್ನು ಎತ್ತಿಕೊಂಡು ಬಂದು, ‘ಈ ಚುಚ್ಚುಮದ್ದು ಹಾಕಿಸಬಹುದಾ ಮಗಳೇ?’ ಎಂದು ಕೇಳುತ್ತಾಳೆ. ಆಗ ನಮ್ಮ ವಿದ್ಯಾರ್ಥಿನಿ ಕೇಳಿದ್ದನ್ನು ಹೇಳದೆ, ಹುಡುಕಿ ತಿಳಿದದ್ದನ್ನು ಹೇಳಬೇಕು. ಆ ತಾಯಿಯ ನಂಬಿಕೆ ನಮ್ಮ ಕೈಯಲ್ಲಿರುವ ಅಮಾನತ್ತು.

ಅಲ್ಲಾಹನು ನಿಮ್ಮ ಜ್ಞಾನದಲ್ಲಿ ಬರಕತ್ ನೀಡಲಿ, ಅದನ್ನು ಜನರಿಗೆ ಉಪಯುಕ್ತವಾಗಿಸಲಿ. ಆಮೀನ್.

ವಸ್ಸಲಾಮ್.