ಹಳೆ ಡೀಸೆಲ್ ಕಾರಿನ ಬೆಲ್ಟು ಮತ್ತು ನೀರಿನ ಪಂಪು
(ಭಾಲ್ಕಿಯಲ್ಲಿ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ದನದ ಡಾಕ್ಟರು ಕಾರಿನ ಮಾತು ಯಾಕೆ ತೆಗೆದರೆಂದು ನಗಬೇಡಿ. ಹೋದ ವರ್ಷ ಮಳೆಗಾಲದ ಒಂದು ರಾತ್ರಿ ಔರಾದ ಕಡೆಯ ಹಳ್ಳಿಯಿಂದ ಕರೆ ಬಂತು. ದೇವಣಿ ಆಕಳು, ಹೊಟ್ಟೆಯಲ್ಲಿ ಕರು ಅಡ್ಡ ಬಂದಿತ್ತು. ಬೀದರಿನಿಂದ ಹೊರಟೆ. ಸಂತಪುರದ ಹತ್ತಿರ ನನ್ನ ಹಳೆ ಡೀಸೆಲ್ ಕಾರಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು. ನೀರಿನ ಪಂಪು ಸೋರಿ ಕೂಲೆಂಟ್ ಖಾಲಿಯಾಗಿತ್ತು. ಯಾರದೋ ಮೋಟಾರ್ ಸೈಕಲ್ ಮೇಲೆ ಹಳ್ಳಿ ಮುಟ್ಟಿದೆ. ಆಕಳು ಉಳಿಯಿತು, ಕರು ಉಳಿಯಲಿಲ್ಲ.

ತಪ್ಪು ನನ್ನದೇ. ಎಂಟು ತಿಂಗಳ ಮೊದಲು ಟೈಮಿಂಗ್ ಬೆಲ್ಟ್ ಬದಲಿಸುವಾಗ ಮಿಸ್ತ್ರಿ, "ಸಾಹೇಬ್ರ, ಪಂಪೂ ಹಾಕಿಸಿಬಿಡ್ರಿ" ಎಂದಿದ್ದ. ಸೋರುತ್ತಿಲ್ಲವಲ್ಲ ಎಂದು ನಾನೇ ಬೇಡವೆಂದೆ.

ಹಳೆ ಡೀಸೆಲ್ ಕಾರುಗಳು ನಿಮ್ಮಲ್ಲಿ ಹಲವರ ಮನೆ ಮುಂದೆ ಇವೆ. ಇಂಥ ಹಲವು ಕಾರುಗಳಲ್ಲಿ ಹಲ್ಲುಳ್ಳ ಒಂದೇ ರಬ್ಬರ್ ಬೆಲ್ಟು ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟನ್ನೂ ನೀರಿನ ಪಂಪನ್ನೂ ತಿರುಗಿಸುತ್ತದೆ. ಪಂಪಿನ ಸೀಲು ಹೋದರೆ ಕೂಲೆಂಟ್ ಬೆಲ್ಟಿನ ಮೇಲೆ ಬೀಳುತ್ತದೆ. ಬೇರಿಂಗ್ ಹಿಡಿದುಕೊಂಡರೆ ಬೆಲ್ಟಿನ ಹಲ್ಲು ಕಿತ್ತುಹೋಗುತ್ತದೆ. ಬೆಲ್ಟು ಹರಿದರಂತೂ ಪಿಸ್ಟನ್ ವಾಲ್ವ್‌ಗಳಿಗೆ ಬಡಿದು ಇಂಜಿನ್ನೇ ಬಿಚ್ಚಬೇಕಾಗುತ್ತದೆ. ನನ್ನ ಅದೃಷ್ಟ, ಅಷ್ಟು ಆಗಲಿಲ್ಲ. ಪಂಪು ತೆಗೆಯಲು ಹೇಗೂ ಬೆಲ್ಟು ಬಿಚ್ಚಲೇಬೇಕು. ಕೂಲಿ ಎರಡು ಸಲ ಯಾಕೆ ಕೊಡಬೇಕು? ಬೆಲ್ಟು, ಅದನ್ನು ಬಿಗಿ ಹಿಡಿಯುವ ಟೆನ್ಷನರ್, ಪಂಪು ಮೂರನ್ನೂ ಕೂಡಿಯೇ ಹಾಕಿಸಿರಿ. ಹಳೆ ಜೀಪಿನವರಿಗೆ ಈ ತಾಪತ್ರಯವಿಲ್ಲ, ಅಲ್ಲಿ ಪಂಪು ಹೊರಗಿನ ಫ್ಯಾನ್ ಬೆಲ್ಟಿನಿಂದ ತಿರುಗುತ್ತದೆ.

ಹಾಲು ಕರೆಯುವ ಯಂತ್ರದ ರಬ್ಬರ್ ಲೈನರನ್ನು ಹರಿಯುವ ತನಕ ಇಟ್ಟುಕೊಳ್ಳುತ್ತೇವೆಯೇ? ಇದೂ ಹಾಗೆಯೇ. ಗಾಡಿ ಓಡದಿದ್ದರೂ ವರ್ಷ ಕಳೆದಂತೆ ರಬ್ಬರ್ ಬಿರಿಯುತ್ತದೆ. ಕಂಪನಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರ್, ವರ್ಷ ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಆಗಲೇ ಬದಲಿಸಿರಿ. ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಹಳೆ ಬಿಲ್ಲು ಸಿಗದಿದ್ದರೆ, ಬದಲಿಸಿಲ್ಲವೆಂದೇ ತಿಳಿಯಿರಿ.

ಹೊಸ ಬೆಲ್ಟು ಕೂಡಿಸಿದ ಮೇಲೆ, ಚಾಲೂ ಮಾಡುವ ಮೊದಲು, ಪಾನಾದಿಂದ ಇಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಗುರುತುಗಳು ಕೂಡುತ್ತವೆಯೇ ನೋಡಬೇಕು. ಅವಸರದಲ್ಲಿ ಇದನ್ನು ಬಿಡುವವರಿದ್ದಾರೆ, ನಿಂತು ಮಾಡಿಸಿಕೊಳ್ಳಿರಿ. ರೇಡಿಯೇಟರಿಗೆ ಬೋರಿನ ನೀರು ಬೇಡ. ಗಡಸು ನೀರಿನ ಸುಣ್ಣ ಒಳಗೆ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು ಬೆರೆಸಿದ ಕೂಲೆಂಟನ್ನೇ ಹಾಕಿರಿ. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ನೆಲದ ಮೇಲೆ ಹನಿ ಬಿದ್ದಿದೆಯೇ ಬಗ್ಗಿ ನೋಡಿರಿ.

ಆ ಆಕಳ ಯಜಮಾನರು ಇಂದು ಇಲ್ಲಿಯೇ ಕೂತಿದ್ದಾರೆ. ಆಕಳು ಮತ್ತೆ ಗಬ್ಬವಾಗಿದೆ, ಬರುವ ತಿಂಗಳು ಈಯುತ್ತದೆ. ನನ್ನ ಕಾರಿಗೆ ಮೂರೂ ಸಾಮಾನು ಹಾಕಿಸಿದ್ದೇನೆ. ಅಪರಾತ್ರಿಯಾದರೂ ಸರಿ, ಫೋನ್ ಮಾಡಿರಿ ಕಾಕಾ.