ಚಿಕ್ಕ ಪೆಟ್ಟಿಗೆ, ಆದರೆ ಕೈ ಆಡುವಷ್ಟು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)



ನನಗಿಂತ ಮೊದಲು ಮಾತಾಡಿದವರೆಲ್ಲ ದೊಡ್ಡ ಹುದ್ದೆಯವರು. ನಾನು ತಾಲ್ಲೂಕು ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ನನಗೆ ಕೊಟ್ಟಿರುವ ವಿಷಯವೂ ಚಿಕ್ಕದೇ. ಮನೆಗೆ ಕಂಪ್ಯೂಟರ್ ಜೋಡಿಸಿಕೊಳ್ಳುವವರು ಜಾಗ ಕಡಿಮೆ ಇದ್ದರೆ ಎಂಥ ಪೆಟ್ಟಿಗೆ ತೆಗೆದುಕೊಳ್ಳಬೇಕು ಎಂಬುದು. ಇದರ ಹಿಂದೆ ಇನ್ನೊಂದು ಪ್ರಶ್ನೆ ಇದೆ, ಎಲ್ಲರಿಗೂ ಗೊತ್ತು. ಹಳೆಯ ವಿದ್ಯಾರ್ಥಿಗಳು ಕೂಡಿಸಿದ ಹಣದಲ್ಲಿ ಶಾಲೆಯ ಗ್ರಂಥಾಲಯಕ್ಕೆ ಐದು ಕಂಪ್ಯೂಟರ್ ಕೊಡಬೇಕಾಗಿದೆ. ಆ ಕೋಣೆ ಎಷ್ಟು ದೊಡ್ಡದು ಎಂದು ನಿಮಗೆ ಹೇಳಬೇಕಾಗಿಲ್ಲ. ಮಾನಿಟರ್ ಹಿಂದೆ ಅಂಟಿಸುವಷ್ಟು ಪುಟ್ಟ ಪೆಟ್ಟಿಗೆ ತರೋಣ ಎಂದು ಬೆಂಗಳೂರಿನ ನಮ್ಮ ಗೆಳೆಯರ ಅಭಿಪ್ರಾಯ. ನನ್ನದು ಸ್ವಲ್ಪ ಬೇರೆ. ಅದನ್ನು ಹೇಳುವುದಕ್ಕೇ ಬಂದಿದ್ದೇನೆ.

ಮೊದಲು ಹೆಸರಿನ ವಿಚಾರ. ನಮ್ಮಲ್ಲಿ ಎಲ್ಲರೂ ಆ ಪೆಟ್ಟಿಗೆಗೆ ಸಿಪಿಯು ಅನ್ನುತ್ತಾರೆ. ನಿಜವಾದ ಸಿಪಿಯು ಒಳಗಿರುವ ಬಿಸ್ಕತ್ತಿನಷ್ಟು ಅಗಲದ ಒಂದು ಚಿಪ್ಪು. ಹೊರಗಿನ ತಗಡಿನ ಪೆಟ್ಟಿಗೆಗೆ ಅಂಗಡಿಯಲ್ಲಿ ಕ್ಯಾಬಿನೆಟ್ ಅನ್ನುತ್ತೇವೆ. ಜನ ಪ್ರೊಸೆಸರ್ ಬಗ್ಗೆ ಒಂದು ಗಂಟೆ ಕೇಳುತ್ತಾರೆ, ಕ್ಯಾಬಿನೆಟ್ ಬಗ್ಗೆ ‘ಯಾವುದೋ ಒಂದು ಹಾಕಿ ಸಾರ್’ ಅನ್ನುತ್ತಾರೆ. ಆದರೆ ಒಳಗಿನ ಸಾಮಾನು ಎರಡು ಸಲ ಬದಲಾದರೂ ಕ್ಯಾಬಿನೆಟ್ ಅದೇ ಇರುತ್ತದೆ. ಮುಂದೆ ಏನು ಹಾಕಬಹುದು, ಏನು ಹಾಕಲಾಗದು ಎಂಬುದನ್ನು ಅದೇ ನಿರ್ಧರಿಸುತ್ತದೆ.

ಪೆಟ್ಟಿಗೆಯ ಅಳತೆ ಹುಟ್ಟುವುದು ಮದರ್‌ಬೋರ್ಡಿನಿಂದ. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಅಳತೆ ತಂದಿತು. ಬೋರ್ಡು 30.5 ಸೆಂಟಿಮೀಟರ್ ಉದ್ದ, 24.4 ಅಗಲ. ಆಮೇಲೆ ಬಂದ ಮೈಕ್ರೋ ಎಟಿಎಕ್ಸ್ 24.4 ಸೆಂಟಿಮೀಟರಿನ ಚೌಕ. 2001ರಲ್ಲಿ ವಿಯಾ ಕಂಪನಿಯವರು ಮಿನಿ ಐಟಿಎಕ್ಸ್ ತಂದರು, ಅದು 17 ಸೆಂಟಿಮೀಟರಿನ ಚೌಕ. ಮಕ್ಕಳೇ, ನಿಮ್ಮ ಜ್ಯಾಮಿಟ್ರಿ ಬಾಕ್ಸಿನ ಸ್ಕೇಲಿಗಿಂತ ಎರಡೇ ಸೆಂಟಿಮೀಟರ್ ಹೆಚ್ಚು.

ಕ್ಯಾಬಿನೆಟ್ಟಿನ ಗಾತ್ರವನ್ನು ಲೀಟರಿನಲ್ಲಿ ಹೇಳುವ ರೂಢಿ ಇದೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಆಯಿತು, ಎಂಟನೇ ತರಗತಿಯ ಲೆಕ್ಕ. ಸಾಧಾರಣ ದೊಡ್ಡ ಕ್ಯಾಬಿನೆಟ್ 45 ಎತ್ತರ, 44 ಉದ್ದ, 20 ಅಗಲ ಇದ್ದರೆ ಹತ್ತಿರ ಹತ್ತಿರ 40 ಲೀಟರ್. ನಮ್ಮೂರ ಶುದ್ಧ ನೀರಿನ ಘಟಕದಿಂದ ತರುತ್ತೇವಲ್ಲ 20 ಲೀಟರಿನ ಕ್ಯಾನು, ಅಂಥ ಎರಡು. ಮೈಕ್ರೋ ಎಟಿಎಕ್ಸ್ ಬೋರ್ಡಿನ ಚಿಕ್ಕ ಕ್ಯಾಬಿನೆಟ್ 35, 36, 19ರ ಅಳತೆಯದಾದರೆ 24 ಲೀಟರ್, ಒಂದು ಕ್ಯಾನಿಗಿಂತ ಸ್ವಲ್ಪ ಜಾಸ್ತಿ. ಮಿನಿ ಐಟಿಎಕ್ಸ್‌ನವು ಹೆಚ್ಚಾಗಿ ಒಂದು ಕ್ಯಾನಿಗಿಂತ ಕಡಿಮೆ. ಇನ್ನೂ ಚಿಕ್ಕವು ಇವೆ. ಎಎಸ್‌ರಾಕ್ ಕಂಪನಿಯ ಡೆಸ್ಕ್‌ಮಿನಿ ಎರಡು ಲೀಟರ್ ಕೂಡ ಇಲ್ಲ. ನೀರಿನ ಬಾಟಲಿಯ ಲೆಕ್ಕ.

ಇವುಗಳಲ್ಲಿ ಯಾವುದು ಎಂದು ಕೇಳಿದರೆ ನಾನು ಒಬ್ಬ ತಾಯಿಯ ಮನೆಯ ಉದಾಹರಣೆ ಕೊಡುತ್ತೇನೆ. ಹೊಲಿಗೆ ಮಾಡಿ ಸಂಸಾರ ನಡೆಸುವವರು. ಮಗಳು ಡಿಪ್ಲೊಮಾ ಓದುತ್ತಾಳೆ, ಕಂಪ್ಯೂಟರ್ ಬೇಕು. ಮನೆ ಒಂದೂವರೆ ಕೋಣೆ. ಹೊಲಿಗೆ ಮಿಷನ್ನಿನ ಪಕ್ಕದ ಮೇಜಿನ ಅರ್ಧ ಮಾತ್ರ ಖಾಲಿ. ಸಂಘದಲ್ಲಿ ಸಾಲ ಎತ್ತಿ ತಂದ ದುಡ್ಡು. ‘ಅಣ್ಣಾ, ಚಿಕ್ಕದಾಗಿರಲಿ, ಆದರೆ ಇವಳ ಓದು ಮುಗಿಯೋವರೆಗೆ ಕೆಡಬಾರದು’ ಅಂದರು. ನನಗೆ ಇದಕ್ಕಿಂತ ಸರಿಯಾಗಿ ಹೇಳಲು ಬರುವುದಿಲ್ಲ.

ನಾನು ಆ ಹುಡುಗಿಗೆ ಮೊದಲು ಹೇಳಿದ್ದು, ‘ರಟ್ಟಿನ ಡಬ್ಬ ಕತ್ತರಿಸಿ ಇದೇ ಅಳತೆಗೆ ಮಾಡಿ ಎರಡು ದಿನ ಮೇಜಿನ ಮೇಲಿಡಮ್ಮ’ ಎಂದು. ಹಿಂದೆ ನಾಲ್ಕು ಬೆರಳು ಜಾಗ ಬಿಡಲು ಹೇಳಿದೆ. ಕಂಪನಿಯವರು ಬರೆಯುವ ಅಳತೆಯಲ್ಲಿ ಹಿಂದೆ ಚಾಚುವ ವೈರು, ಪ್ಲಗ್ಗು ಸೇರಿರುವುದಿಲ್ಲ. ಪುಟ್ಟ ಪೆಟ್ಟಿಗೆ ಎಂದು ಹಿಗ್ಗುವವರು ಅದರ ಅಡಾಪ್ಟರನ್ನೂ, ಪಕ್ಕದಲ್ಲಿ ಇಡಲೇಬೇಕಾದ ಯುಪಿಎಸ್ಸನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎರಡನೆಯ ಪ್ರಶ್ನೆ, ಗ್ರಾಫಿಕ್ಸ್ ಕಾರ್ಡ್ ಬೇಕೇ? ದೊಡ್ಡ ಕಾರ್ಡುಗಳು 30 ಸೆಂಟಿಮೀಟರ್ ದಾಟುತ್ತವೆ, ಅಷ್ಟೇ ಬಿಸಿಯನ್ನೂ ಉಗುಳುತ್ತವೆ. ಆ ಹುಡುಗಿಯ ಡ್ರಾಯಿಂಗಿಗೆ, ಪ್ರೋಗ್ರಾಮಿಗೆ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಸಾಕಿತ್ತು. ಕಾರ್ಡು ಬೇಡ ಎಂದಾದ ಕೂಡಲೇ ಚಿಕ್ಕ ಪೆಟ್ಟಿಗೆಯ ಅರ್ಧ ತೊಂದರೆ ತೀರಿತು.

ಇನ್ನು ಎಷ್ಟು ಚಿಕ್ಕದು? ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಐದು ಕಂಪ್ಯೂಟರಿನ ದುಡ್ಡು ಇಲ್ಲೇ ನಿಂತಿದೆ. ನಮ್ಮ ಕಡೆ ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ಮೊದಲು ಹೋಗುವುದು ಎಸ್‌ಎಂಪಿಎಸ್, ಅಂದರೆ ಕರೆಂಟು ಹಂಚುವ ಡಬ್ಬಿ. ವೋಲ್ಟೇಜ್ ಏರಿಳಿತ, ಸಿಡಿಲು, ಧೂಳು, ಜಿರಲೆ. ಒಮ್ಮೆ ಹಲ್ಲಿಯೇ ಒಳಗೆ ಹೋಗಿ ಸತ್ತು ಶಾರ್ಟ್ ಆಗಿದ್ದನ್ನು ನಾನೇ ಬಿಚ್ಚಿ ತೆಗೆದಿದ್ದೇನೆ. ಸಾಮಾನ್ಯ ಅಳತೆಯ ಎಸ್‌ಎಂಪಿಎಸ್ 15 ಸೆಂಟಿಮೀಟರ್ ಅಗಲ, 8.6 ಎತ್ತರ. ಅದು ನಮ್ಮ ತಾಲ್ಲೂಕಿನಲ್ಲೇ ಅಂದೇ ಸಿಗುತ್ತದೆ. ಅತಿ ಚಿಕ್ಕ ಪೆಟ್ಟಿಗೆಗಳಿಗೆ ಎಸ್‌ಎಫ್‌ಎಕ್ಸ್ ಎಂಬ 12.5 ಸೆಂಟಿಮೀಟರ್ ಅಗಲದ್ದು ಬೇಕು. ಅದರ ಬೆಲೆಯೂ ಹೆಚ್ಚು, ಸಿಗುವುದೂ ಕಷ್ಟ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕು, ಇಲ್ಲವೇ ತರಿಸಿಕೊಂಡು ಕಾಯಬೇಕು. ಪರೀಕ್ಷೆಯ ವಾರ ಕೆಟ್ಟರೆ ಆ ಮಗು ಕಾಯುತ್ತದೆಯೇ?

ಡೆಸ್ಕ್‌ಮಿನಿಯಂಥವು ಅಡಾಪ್ಟರಿನ ಮೇಲೆ ನಡೆಯುತ್ತವೆ. ಕರೆಂಟು ಕಡಿಮೆ ತಿನ್ನುತ್ತವೆ, ಸದ್ದು ಕಡಿಮೆ, ನಾನು ಇಲ್ಲ ಅನ್ನುವುದಿಲ್ಲ. ಕಿರಾಣಿ ಅಂಗಡಿಯ ಬಿಲ್ಲಿಗೆ ನಾನೇ ಅಂಥದ್ದನ್ನು ಹಾಕಿಕೊಡುತ್ತೇನೆ. ಆದರೆ ಒಂದು ಸಣ್ಣ ಲೆಕ್ಕ ನೋಡಿ. ಎಎಂಡಿ ಪ್ರೊಸೆಸರ್ ಜೊತೆ ಪುಕ್ಕಟೆ ಬರುವ ರೈತ್ ಸ್ಟೆಲ್ತ್ ಫ್ಯಾನಿನ ಎತ್ತರ 54 ಮಿಲಿಮೀಟರ್. ಡೆಸ್ಕ್‌ಮಿನಿ ಎಕ್ಸ್300ರ ಒಳಗೆ ಹಿಡಿಸುವುದು 46 ಮಿಲಿಮೀಟರ್. ಎಂಟು ಮಿಲಿಮೀಟರಿಗಾಗಿ ಪುಕ್ಕಟೆ ಬಂದದ್ದನ್ನು ಬಿಟ್ಟು ಬೇರೆ ಫ್ಯಾನ್ ಕೊಳ್ಳಬೇಕು. ಮುಂದೆ ಆ ಫ್ಯಾನ್ ನಿಂತರೆ ಅಷ್ಟೇ ಗಿಡ್ಡದ್ದನ್ನು ಮತ್ತೆ ಹುಡುಕಬೇಕು. ಅದರ ರ‍್ಯಾಮ್ ಕೂಡ ಲ್ಯಾಪ್‌ಟಾಪಿನದು, ನಮ್ಮ ಹಳೆಯ ಡೆಸ್ಕ್‌ಟಾಪಿನಿಂದ ತೆಗೆದು ಹಾಕಲು ಬರುವುದಿಲ್ಲ.

ಆದ್ದರಿಂದ ಆ ತಾಯಿಗೆ ನಾನು ಹಾಕಿಕೊಟ್ಟದ್ದು ಮೈಕ್ರೋ ಎಟಿಎಕ್ಸ್ ಬೋರ್ಡು, ಸಾಮಾನ್ಯ ಎಸ್‌ಎಂಪಿಎಸ್ ಹಿಡಿಸುವ 24 ಲೀಟರಿನ ಕ್ಯಾಬಿನೆಟ್. ಎಸ್‌ಎಂಪಿಎಸ್ಸನ್ನು ಬೇರೆಯಾಗಿಯೇ ಕೊಂಡೆವು. ಅಗ್ಗದ ಕ್ಯಾಬಿನೆಟ್ ಜೊತೆ ಸೇರಿಸಿ ಕೊಡುವ ಎಸ್‌ಎಂಪಿಎಸ್ ಮೇಲೆ ಬರೆದ ವ್ಯಾಟಿನ ಸಂಖ್ಯೆಯನ್ನು ನಾನಂತೂ ನಂಬುವುದಿಲ್ಲ.

ಏಪ್ರಿಲ್ ತಿಂಗಳಲ್ಲಿ ನಮ್ಮ ಶೀಟಿನ ಮನೆಗಳ ಒಳಗೆ 40 ಡಿಗ್ರಿ ಆಗುತ್ತದೆ. ಎಷ್ಟೇ ಫ್ಯಾನ್ ಹಾಕಿದರೂ ಒಳಗಿನ ಬಿಸಿ ಕೋಣೆಯ ಬಿಸಿಗಿಂತ ಕೆಳಗೆ ಇಳಿಯುವುದಿಲ್ಲ. ಪ್ರೊಸೆಸರ್ 95 ಡಿಗ್ರಿಯ ಸುತ್ತಮುತ್ತ ಹೋದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಕೊಟ್ಟ ದುಡ್ಡಿನ ವೇಗ ಸಿಗುವುದಿಲ್ಲ. ಹಾಗಾಗಿ ಮುಂದೆ ಜಾಲರಿ ಇರಬೇಕು, ಗಾಜಲ್ಲ. ಜಾಲರಿಯ ಹಿಂದಿನ ಧೂಳಿನ ಪರದೆ ಕೈಯಲ್ಲಿ ಕಿತ್ತು ತೊಳೆಯುವಂತಿರಬೇಕು. ಗಾಳಿ ಒಳಗೆ ತಳ್ಳುವ ಫ್ಯಾನ್ ಎರಡು, ಹೊರಗೆ ಎಳೆಯುವುದು ಒಂದು ಇದ್ದರೆ ಸಂದುಗಳಿಂದ ಧೂಳು ನುಗ್ಗುವುದು ಕಡಿಮೆಯಾಗುತ್ತದೆ. ಬಣ್ಣದ ಲೈಟಿನ ಗಾಜಿನ ಪೆಟ್ಟಿಗೆ ಕೇಳುವ ಹುಡುಗರಿಗೆ, ‘ಜಾತ್ರೆಯಲ್ಲಿ ಸೀರಿಯಲ್ ಲೈಟು ನೋಡಪ್ಪ, ಪುಕ್ಕಟೆ’ ಅನ್ನುತ್ತೇನೆ. ಕೋಪ ಮಾಡಿಕೊಂಡು ಬೇರೆ ಅಂಗಡಿಗೆ ಹೋಗುತ್ತಾರೆ.

ಇನ್ನೊಂದು ಮಾತು ಬಿಡಬಾರದು. ತಗಡಿನ ಪೆಟ್ಟಿಗೆ ಮುಟ್ಟಿದಾಗ ಜುಮ್ಮೆಂದರೆ ಅದು ಪೆಟ್ಟಿಗೆಯ ದೋಷ ಎಂದು ತಿಳಿಯಬೇಡಿ. ಬಹುಮಟ್ಟಿಗೆ ಮನೆಯ ಅರ್ಥಿಂಗ್ ಸರಿ ಇರುವುದಿಲ್ಲ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಮುರಿದು ಹಾಕುವವರು ಇಲ್ಲೂ ಇದ್ದಾರೆ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥಿಂಗ್ ನೋಡಿಸಿದ ಮೇಲೆಯೇ ಕಂಪ್ಯೂಟರ್ ಇಡಿ. ಶಾಲೆಗೂ ಅಷ್ಟೇ.

ಗ್ರಂಥಾಲಯದ ಕೋಣೆಯನ್ನು ಮೊನ್ನೆ ಟೇಪು ಹಿಡಿದು ಅಳೆದೆ. ಕಿಟಕಿ ಬದಿಯ ಗೋಡೆಗೆ ಎರಡು ಅಡಿ ಅಗಲದ ಹಲಗೆ ಹಾಕಿದರೆ, ಕೆಳಗೆ ನೆಲದಿಂದ ಒಂದು ಅಡಿ ಮೇಲೆ ಇನ್ನೊಂದು ಹಲಗೆಯಲ್ಲಿ 24 ಲೀಟರಿನ ಐದು ಪೆಟ್ಟಿಗೆ ಸಾಲಾಗಿ ಕೂರುತ್ತವೆ. ಎರಡೆರಡರ ನಡುವೆ ಒಂದು ಗೇಣು ಜಾಗ ಉಳಿಯುತ್ತದೆ. ಕಸ ಗುಡಿಸುವಾಗ ಧೂಳು ತಾಗದು, ಬೀಗ ಹಾಕುವ ಕೊಂಡಿಯೂ ಇರುತ್ತದೆ. ಎರಡು ಲೀಟರಿನ ಪೆಟ್ಟಿಗೆ ಬೇಸಿಗೆ ರಜೆಯಲ್ಲಿ ಯಾರ ಚೀಲದಲ್ಲಿ ಹೋಯಿತು ಎಂದು ಹುಡುಕುವ ಕೆಲಸ ನಮ್ಮ ಜವಾನರಿಗೆ ಬೇಡ. ಮುಖ್ಯವಾಗಿ, ಒಂದು ಕೆಟ್ಟರೆ ಇನ್ನೊಂದರ ಎಸ್‌ಎಂಪಿಎಸ್ ಕಿತ್ತು ಹಾಕಿ ನೋಡಬಹುದು. ಒಂಬತ್ತನೇ ತರಗತಿಯ ಮಕ್ಕಳಿಗೆ ನಾನೇ ಶನಿವಾರ ಬಂದು ಅದನ್ನು ಕಲಿಸುತ್ತೇನೆ. ಒಳಗೆ ಮಕ್ಕಳ ಕೈ ಆಡಬೇಕು. ಮಾನಿಟರ್ ಹಿಂದೆ ಅಂಟಿಸಿದ ಡಬ್ಬಿಯಲ್ಲಿ ಬೆರಳೂ ಆಡುವುದಿಲ್ಲ.

ಬೆಂಗಳೂರಿನ ಗೆಳೆಯರು ಒಪ್ಪದಿದ್ದರೆ ನಾಳೆ ಸಮಿತಿಯ ಸಭೆಯಲ್ಲಿ ಜಗಳವಾಡೋಣ, ಬಿಸಿಬೇಳೆಬಾತ್ ಆದ ಮೇಲೆ. ಸದ್ಯಕ್ಕೆ ಎರಡೂ ಬಗೆಯ ಪೆಟ್ಟಿಗೆಗಳನ್ನು ತಂದು ಹೊರಗಿನ ಜಗಲಿಯ ಮೇಲಿಟ್ಟಿದ್ದೇನೆ. ಪಕ್ಕದಲ್ಲಿ ಸ್ಕ್ರೂಡ್ರೈವರ್ ಇದೆ, ಕರೆಂಟು ಕೊಟ್ಟಿಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಸ್ಕ್ರೂಗಳನ್ನು ಮಾತ್ರ ತಟ್ಟೆಯಲ್ಲೇ ಹಾಕಿ.