ದಾರಿಹೋಕನಿಗೊಂದು ಸೂರು



ನಮ್ಮ ಪಟ್ಟಣಗಳ ಹಿರಿಯರು ‘ಟಿ.ಬಿ.’ ಎಂದರೆ ಅದು ಯಾವಾಗಲೂ ರೋಗದ ಹೆಸರಲ್ಲ. ಊರಂಚಿನ ಟ್ರಾವೆಲರ್ಸ್ ಬಂಗಲೆಯೂ ಹೌದು. ಬ್ರಿಟಿಷರ ಕಾಲದ ಆ ಬಂಗಲೆಯ ಚರಿತ್ರೆಯಲ್ಲಿ ನಮಗೊಂದು ಪಾಠವಿದೆ.

ಬ್ರಿಟಿಷರಿಗಿಂತ ಮೊದಲು ಉತ್ತರ ಭಾರತದ ಹೆದ್ದಾರಿಗಳಲ್ಲಿ ಸರಾಯ್‌ಗಳಿದ್ದವು. ಸಾರಾಯಿಯಲ್ಲ, ಸರಾಯ್: ದಾರಿಹೋಕರ ತಂಗುದಾಣ. 1540ರಿಂದ 1545ರವರೆಗೆ ಆಳಿದ ಶೇರ್ ಶಾ ಸೂರಿಯು ತನ್ನ ಹೆದ್ದಾರಿಗಳುದ್ದಕ್ಕೂ ಅವುಗಳನ್ನು ಕಟ್ಟಿಸಿದನು. ಅಲ್ಲಿ ಹಿಂದೂಗಳಿಗೂ ಮುಸ್ಲಿಮರಿಗೂ ಅವರವರ ಆಚಾರಕ್ಕೆ ತಕ್ಕ ಏರ್ಪಾಡಿತ್ತೆಂದು ಚರಿತ್ರಕಾರರು ದಾಖಲಿಸಿದ್ದಾರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಂಚೆ ಸಾಗುವ ದಾರಿಗಳಲ್ಲಿ ಸರಕಾರದ ಡಾಕ್ ಬಂಗಲೆಗಳು ತಲೆಯೆತ್ತಿದವು. ಒಂದು ಮಂಚ, ಮೇಜು, ಕುರ್ಚಿ. ಹಾಸಿಗೆಯನ್ನು ಪ್ರಯಾಣಿಕನೇ ತರಬೇಕು. ಮೊದಲು ಬಂದವನಿಗೆ ಇಪ್ಪತ್ತನಾಲ್ಕು ಗಂಟೆಗಳ ಹಕ್ಕು. ಅನಂತರ ಹೊಸಬನು ಬಂದರೆ ಜಾಗ ಬಿಡಬೇಕು. ದೂರು ಬರೆಯಲು ಪುಸ್ತಕವೂ ಇತ್ತು. ಗಾಡಿಯ ಸದ್ದು ಕೇಳಿದೊಡನೆ ಖಾನ್‌ಸಾಮನು ಅಂಗಳದ ಕೋಳಿಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದನು. ಸ್ವಲ್ಪ ಹೊತ್ತಿನಲ್ಲಿ ಅದೇ ಕೋಳಿ ಸಾಹೇಬರ ಮೇಜಿನ ಮೇಲಿರುತ್ತಿತ್ತು. ಈ ಖಾನ್‌ಸಾಮರಲ್ಲಿ ಅನೇಕರು ಮುಸ್ಲಿಮರು. ಕಿಪ್ಲಿಂಗ್ 1888ರಲ್ಲಿ ಪ್ರಕಟಿಸಿದ ದೆವ್ವದ ಕಥೆಯೊಂದರಲ್ಲಿಯೂ ಇಂತಹ ಮುದಿ ಖಾನ್‌ಸಾಮನೊಬ್ಬನಿದ್ದಾನೆ. ಅಡುಗೆ ಅವನದು, ಆತಿಥ್ಯದ ಕೀರ್ತಿ ಸರಕಾರದ್ದು.

ಆ ವ್ಯವಸ್ಥೆಯೆಲ್ಲ ಮುಖ್ಯವಾಗಿ ಐರೋಪ್ಯ ಪ್ರಯಾಣಿಕನಿಗಾಗಿ ರೂಪುಗೊಂಡಿತ್ತು. ಸಾಮಾನ್ಯ ಭಾರತೀಯನಿಗೆ ಸರಾಯ್, ಧರ್ಮಶಾಲೆ, ಮುಸಾಫಿರ್‌ಖಾನೆಗಳೇ ಗತಿ. ನಮ್ಮ ಕಡೆಯಾದರೆ ಛತ್ರ. 1867ರ ಸರಾಯ್ ಕಾಯಿದೆಯು ಇಂತಹ ತಂಗುದಾಣಗಳನ್ನು ನೋಂದಣಿಗೆ ಒಳಪಡಿಸಿತು. ಮ್ಯಾಜಿಸ್ಟ್ರೇಟರು ಕೇಳಿದರೆ ತಂಗಿದವರ ವರದಿಯನ್ನೂ ಕೊಡಬೇಕಿತ್ತು. ಆಳುವವರ ಕಣ್ಣಿಗೆ ಅತಿಥಿಯು ಒಬ್ಬ ಶಂಕಿತನೂ ಆಗಿದ್ದನು. ಆದರೆ ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಸ್ವಚ್ಛತೆ, ದುರಸ್ತಿ, ಕಾವಲುಗಾರ, ಎಲ್ಲರಿಗೂ ಕಾಣುವಂತೆ ದರಪಟ್ಟಿ, ಇವನ್ನು ಕಡ್ಡಾಯಗೊಳಿಸಿದ್ದೂ ಅದೇ ಕಾಯಿದೆ.

ಸಹೋದರರೇ, ಝಕಾತಿನ ಎಂಟು ಹಕ್ಕುದಾರರಲ್ಲಿ ದಾರಿಹೋಕನೂ ಒಬ್ಬನೆಂದು ಕುರ್‌ಆನ್ ಎಣಿಸಿದೆ. ನಾವು ಶಾದಿ ಮಹಲ್‌ಗಳನ್ನು ಕಟ್ಟುತ್ತೇವೆ, ಅಮೃತಶಿಲೆ ಹಾಸುತ್ತೇವೆ. ಆದರೆ ದೂರದ ಹಳ್ಳಿಯಿಂದ ರೋಗಿಯನ್ನು ಕರೆತಂದ ತಾಯಿ ಆಸ್ಪತ್ರೆಯ ಜಗುಲಿಯಲ್ಲಿ ಸೆರಗು ಹಾಸಿ ಮಲಗುತ್ತಾಳೆ. ಪರೀಕ್ಷೆ ಬರೆಯಲು ಬಂದ ವಿದ್ಯಾರ್ಥಿ ಬಸ್ ನಿಲ್ದಾಣದಲ್ಲಿ ರಾತ್ರಿ ಕಳೆಯುತ್ತಾನೆ. ಮದುವೆಯಿಲ್ಲದ ದಿನಗಳಲ್ಲಿ ನಮ್ಮ ಮಹಲ್‌ಗಳಿಗೆ ಬೀಗ!

ಪ್ರತಿಯೊಂದು ಮಹಲ್‌ನಲ್ಲಿ ಎರಡು ಕೋಣೆಗಳನ್ನು ದಾರಿಹೋಕರಿಗೆಂದು ಮೀಸಲಿಡೋಣ. ಶುದ್ಧ ನೀರು, ಶುಚಿಯಾದ ಶೌಚಾಲಯ, ಹೆಂಗಸರಿಗೆ ಪ್ರತ್ಯೇಕ ಏರ್ಪಾಡು ಇರಲಿ. ಬಾಗಿಲು ತಟ್ಟಿದವರ ಜಾತಿ ಧರ್ಮ ಕೇಳುವುದು ಬೇಡ. ಸರಾಯ್‌ನ ಮನಸ್ಸು, ಕಾಯಿದೆಯ ಶಿಸ್ತು, ಎರಡೂ ಅಲ್ಲಿ ಕೂಡಲಿ. ಬೀಗದ ಕೈ ನಮ್ಮ ಸಮಿತಿಗಳ ಕೈಯಲ್ಲಿಯೇ ಇದೆ.